ಮುರಿದ ಕೈಗೆ ಹೊಸ ಕೈ ಯಾಕೆ ಕೂರಿಸುವುದಿಲ್ಲ?

ಪ್ರಶ್ನೆ: ಮೇಷ್ಟ್ರೇ, ರಜೆಯಲ್ಲಿ ಮಗಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ದೇವಸ್ಥಾನದ ಪಕ್ಕದ ಮ್ಯೂಸಿಯಂನಲ್ಲಿ ಕೈ, ಮೂಗು ಮುರಿದ ಮೂರ್ತಿಗಳೇ ಜಾಸ್ತಿ. ನಮ್ಮಲ್ಲಿ ಈಗಲೂ ಒಳ್ಳೆಯ ಶಿಲ್ಪಿಗಳಿದ್ದಾರೆ ಅಲ್ವಾ? ಯುದ್ಧದಲ್ಲಿ ಒಡೆದದ್ದನ್ನು ಸರಿಮಾಡದೆ ಹಾಗೇ ಯಾಕೆ ಇಡುತ್ತಾರೆ?
– ಓದುಗರೊಬ್ಬರು, ಹಾಸನ

ಉತ್ತರ: ಶಿಲ್ಪಿಗಳಿಗೆ ಬರವಿಲ್ಲ. ಆದರೆ ಆ ಕೈಯಲ್ಲಿ ಏನಿತ್ತು ಅಂತ ಅವರಿಗೆ ಹೇಳುವವರು ಯಾರು?

ನಿಂತಿರುವ ವಿಷ್ಣುವನ್ನೇ ನೋಡಿ. ನಾಲ್ಕು ಕೈ, ಶಂಖ, ಚಕ್ರ, ಗದೆ, ಪದ್ಮ. ಯಾವ ಕೈಯಲ್ಲಿ ಯಾವುದಿದೆ ಅನ್ನುವುದರ ಮೇಲೆ ಕೇಶವನೋ, ಮಾಧವನೋ, ಜನಾರ್ದನನೋ ಅಂತ ಗುರುತು. ಹೀಗೆ 24 ರೂಪಗಳು. ಒಂದು ಕೈ ಹೋಗಿದ್ದರೆ ಉಳಿದ ಮೂರನ್ನು ನೋಡಿ ಹೇಳಬಹುದು. ಎರಡು ಹೋಗಿದ್ದರೆ? ಗದೆ, ಪದ್ಮ ಅದಲುಬದಲಾದರೆ ದೇವರ ಹೆಸರೇ ಬೇರೆ. ಊಹೆಯ ಮೇಲೆ ಕೈ ಕೂರಿಸಿದರೆ ಮುಂದಿನವರು ಅದನ್ನೇ ಹೊಯ್ಸಳರದ್ದು ಅಂತ ನಂಬುತ್ತಾರೆ. ಮುರಿದದ್ದಕ್ಕಿಂತ ಇದು ದೊಡ್ಡ ನಷ್ಟ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಮಾತು. 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ, ಅಂದರೆ ಇದೇ ಹಳೇಬೀಡಿಗೆ, ಬಂದದ್ದು ನಿಜ. ಆಮೇಲೆ ತುಘಲಕರ ದಂಡೂ ಬಂತು. ಹಾಗಂತ ಎಲ್ಲ ಗಾಯವೂ ಯುದ್ಧದ್ದಲ್ಲ. ಬಳಪದ ಕಲ್ಲು ಮೆದು. ಮಳೆ, ಗಾಳಿ, ಕುಸಿದ ಗೋಡೆ, ಕಳ್ಳರು ಎಲ್ಲರ ಪಾಲೂ ಇದೆ. ಮಗಳಿಗೆ ಇದನ್ನೂ ಹೇಳಿ.

ಬರ್ಲಿನ್ನಿನ ಬೋಡೆ ಮ್ಯೂಸಿಯಂ 2015ರಲ್ಲಿ ಇಂಥದ್ದೇ ಕಳಕೊಂಡ ಕಲೆಯ ಪ್ರದರ್ಶನ ಮಾಡಿತ್ತು. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಕಲಾಕೃತಿಗಳನ್ನು ಅದೇ ಊರಿನ ಫ್ರೀಡ್ರಿಕ್ಸ್‌ಹೈನ್‌ನ ಕಾಂಕ್ರೀಟ್ ಗೋಪುರದಲ್ಲಿ ಬಚ್ಚಿಟ್ಟಿದ್ದರು. 1945ರ ಮೇ ತಿಂಗಳಲ್ಲಿ ಅಲ್ಲೇ ಬೆಂಕಿ ಬಿತ್ತು. 400ಕ್ಕೂ ಹೆಚ್ಚು ಚಿತ್ರಗಳು ಹೋದವು. ಇಟಲಿಯ ಹೆಸರಾಂತ ಚಿತ್ರಕಾರ ಕರವಾಜೋ ಬರೆದ ಮೂರು ಚಿತ್ರಗಳೂ ಅದರಲ್ಲಿದ್ದವು. ಒಂದರಲ್ಲಿ ದೇವದೂತ ಸಂತ ಮ್ಯಾಥ್ಯೂನ ಕೈ ಹಿಡಿದು, ಅಕ್ಷರಾಭ್ಯಾಸದಲ್ಲಿ ಮಗುವಿನ ಕೈ ಹಿಡಿಯುವ ಹಾಗೆ, ಬರೆಸುತ್ತಿದ್ದಾನೆ. ಎಂಥ ಚಿತ್ರ! ಈಗ ಉಳಿದಿರುವುದು ಕಪ್ಪು-ಬಿಳುಪು ಫೋಟೊ. ಬಟ್ಟೆಯ ಬಣ್ಣ ಏನಿತ್ತು, ಬೆಳಕು ಎಷ್ಟು ಬೆಚ್ಚಗಿತ್ತು, ಫೋಟೊ ಹೇಳುವುದಿಲ್ಲ. ಆ ಮ್ಯೂಸಿಯಂನವರೂ ಹೊಸ ಬಣ್ಣ ಹಚ್ಚಲಿಲ್ಲ. ಬೆಂದ ಶಿಲ್ಪಗಳನ್ನು ಬೆಂದ ಹಾಗೇ ಇಟ್ಟರು. ಜೊತೆಗೆ ಹಳೆಯ ಫೋಟೊ, ಮೊದಲೇ ತೆಗೆದಿದ್ದ ಪ್ಲಾಸ್ಟರ್ ಅಚ್ಚುಗಳನ್ನು ಇಟ್ಟರು.

ನೀವೂ ಒಂದು ಕೆಲಸ ಮಾಡಬಹುದು. ನಿಮ್ಮ ಊರಿನ ಕೆರೆ ಏರಿ ಮೇಲೆ ವೀರಗಲ್ಲೋ ಮೂರ್ತಿಯೋ ಇದ್ದರೆ ಫೋಟೊ ತೆಗೆದಿಡಿ. ಎದುರಿನಿಂದ ಒಂದೇ ಸಾಲದು. ಒಂದೊಂದು ಕೈಯನ್ನೂ ಹತ್ತಿರದಿಂದ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಡಿ. ಮತ್ತೆ ಹಳೇಬೀಡಿಗೆ ಹೋದಾಗ ಯಾವ ಕೈಯಲ್ಲಿ ಏನಿದೆ ಅಂತ ಮಗಳು ಬರೆದುಕೊಳ್ಳಲಿ. ಶುಕ್ರವಾರ ಮಾತ್ರ ಬೇಡ, ಮ್ಯೂಸಿಯಂಗೆ ರಜೆ.