ನೀವು ಸಹಿ ಹಾಕಿದ್ದು ತಪ್ಪಲ್ಲ

2020ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೋವಿಡ್ ರೋಗಿಗಳ ಮೇಲೆ ನಡೆಸಿದ ಪ್ಲಾಸ್ಮಾ (ಕೋವಿಡ್‌ನಿಂದ ಗುಣವಾದವರ ರಕ್ತದ ದ್ರವಭಾಗ) ಪ್ರಯೋಗಕ್ಕೆ ಅಪ್ಪನನ್ನು ಸೇರಿಸಿದೆವು, ಅವರಿಗೆ ಪ್ಲಾಸ್ಮಾ ಕೊಡಲೇ ಇಲ್ಲ, ಒಪ್ಪಿ ತಪ್ಪು ಮಾಡಿದೆನಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ ಸರ್.

ಆ ಪ್ರಯೋಗದಲ್ಲಿ 39 ಆಸ್ಪತ್ರೆಗಳ 464 ರೋಗಿಗಳಿದ್ದರು. ಪ್ಲಾಸ್ಮಾ ಪಡೆಯುವವರದು ಒಂದು ಗುಂಪು, ಪಡೆಯದವರದು ಇನ್ನೊಂದು; ಮಾಮೂಲಿ ಚಿಕಿತ್ಸೆ ಎರಡೂ ಗುಂಪಿಗೆ ಇತ್ತು. 28 ದಿನಗಳೊಳಗೆ ರೋಗ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ಶೇ. 19, ಪಡೆಯದವರಲ್ಲಿ ಶೇ. 18. ಅಂದರೆ ನಿಮ್ಮ ತಂದೆಯವರಿಗೆ ತಪ್ಪಿಹೋದದ್ದು ಜೀವ ಉಳಿಸುವ ಔಷಧವೇನಲ್ಲ.

ಆಗ ಪ್ಲಾಸ್ಮಾ ದಾನಿಗಾಗಿ ಹಗಲು ರಾತ್ರಿ ಫೋನ್ ಮಾಡಿದವರಲ್ಲಿ ನಾನೂ ಒಬ್ಬಳು. ಚೀಟಿ ಎತ್ತಿದ ಹಾಗೆ ಗುಂಪು ನಿರ್ಧಾರವಾದಾಗ ಮನೆಯವರಿಗೆ ಎಷ್ಟು ಸಂಕಟ ಅಂತ ಅರ್ಥವಾಗುತ್ತೆ. ಆದರೆ ಪ್ಲಾಸ್ಮಾ ಪಡೆಯದ ಆ ಗುಂಪು ಇಲ್ಲದಿದ್ದರೆ ಹೋಲಿಸಿ ನೋಡೋದಕ್ಕೇ ಆಗುತ್ತಿರಲಿಲ್ಲ. 2021ರ ಮೇನಲ್ಲಿ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟರು, ಆ ಅಲೆದಾಟ ಎಷ್ಟೋ ಮನೆಗಳಿಗೆ ತಪ್ಪಿತು.