ಮಲಗಿಸಿಡುವುದು ಉಪಾಯವಲ್ಲ

ಮಾನ್ಯರೆ,

ಎದೆಯ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದ 78 ವರ್ಷದ ತಾಯಿ ಆಸ್ಪತ್ರೆಯಲ್ಲೇ ನಡುರಾತ್ರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆಂದು ಬರೆದಿದ್ದೀರಿ. ಮಂಚದ ಎರಡೂ ಬದಿಯ ಕಂಬಿ ಏರಿಸಿದ್ದರೂ ಬಿದ್ದದ್ದು ಹೇಗೆ, ಕೈ ಕಟ್ಟಿದ್ದರೆ ತಪ್ಪುತ್ತಿತ್ತೇ, ಈಗ ಶಸ್ತ್ರಚಿಕಿತ್ಸೆಯಾದ ಮೇಲೆ ಅವರನ್ನು ಕೆಳಗಿಳಿಸಲೇಬಾರದೇ ಎಂದು ಕೇಳಿದ್ದೀರಿ. ಪತ್ರ ಓದಿ ಸಂಕಟವಾಯಿತು. ಆ ರಾತ್ರಿ ಮನೆಗೆ ಹೋದದ್ದಕ್ಕೆ ನಿಮ್ಮನ್ನೇ ದೂರಿಕೊಳ್ಳುತ್ತಿದ್ದೀರಿ. ದಯವಿಟ್ಟು ಅದನ್ನು ಬಿಡಿ.

ಎದ್ದೇ ತೀರಬೇಕೆಂದಿರುವವರನ್ನು ಕಂಬಿ ತಡೆಯುವುದಿಲ್ಲ. ಅದರ ಮೇಲೆ ಕಾಲು ಹಾಕಿ ದಾಟಲು ಹೋಗುತ್ತಾರೆ, ಆಗ ಬೀಳುವ ಎತ್ತರ ಇನ್ನೂ ಹೆಚ್ಚು. ಕಟ್ಟಿಹಾಕುವುದಂತೂ ಬೇಡವೇ ಬೇಡ. ಗಾಬರಿಯಿಂದ ಸನ್ನಿ ಕೆರಳುತ್ತದೆ, ಕಾಲಿನ ಕಸುವು ಇಳಿಯುತ್ತದೆ. ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ 2007ರ ಅಧ್ಯಯನದಲ್ಲಿ, ಬರೀ ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಮಾಂಸ ಕರಗಿತ್ತು. ಜ್ವರದಲ್ಲಿ ಅರೆಹೊಟ್ಟೆ ಮಲಗಿರುವವರ ಗತಿ ಏನು? ಎದ್ದೊಡನೆ ಕೂಗುವ ಅಲಾರಂ ಕೂಡ ನೆಚ್ಚಬಹುದಾದದ್ದಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಅಲಾರಂ ಬಳಕೆ ಹೆಚ್ಚಿತು, ಬೀಳುವುದು ಕಡಿಮೆಯಾಗಲಿಲ್ಲ.

ಕೇಳಬೇಕಾದದ್ದು, ಅವರು ಏಕೆ ಎದ್ದರು ಎಂಬುದನ್ನು. ಉತ್ತರ ನಿಮ್ಮ ಪತ್ರದಲ್ಲೇ ಇದೆ: ಮೂತ್ರಕ್ಕೆ. ಸಂಜೆ ಮೂತ್ರ ಹೆಚ್ಚಿಸುವ ಮಾತ್ರೆ, ಆಮೇಲೆ ನಿದ್ರೆಯ ಮಾತ್ರೆ, ಜೊತೆಗೆ ಡ್ರಿಪ್. ಅವಸರಕ್ಕೆ ಎಚ್ಚರವಾಗುತ್ತದೆ, ಮಂಪರು ಬಿಟ್ಟಿರುವುದಿಲ್ಲ. ಕರೆಗಂಟೆಯ ತಂತಿ ತಲೆಯ ಹಿಂದೆ ಗೋಡೆಗೆ ನೇತಾಡುತ್ತಿದೆ, ಕನ್ನಡಕ ಡ್ರಾಯರಿನಲ್ಲಿದೆ, ಕಾಲಿಗೆ ಜಾರುವ ಕಾಲುಚೀಲ. ಆಸರೆಗೆ ಹಿಡಿದದ್ದು ಚಕ್ರವಿರುವ ಡ್ರಿಪ್ ಸ್ಟ್ಯಾಂಡು. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ರಕ್ತದೊತ್ತಡ 20 ಅಂಕ ಇಳಿದರೆ ಸಾಕು, ಎಷ್ಟೋ ಹಿರಿಯರಿಗೆ ಕಣ್ಣು ಕತ್ತಲಿಟ್ಟು ಬರುತ್ತದೆ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಒತ್ತಡ ಅಳೆದಿದ್ದರೆ ಇದು ಮೊದಲೇ ತಿಳಿಯುತ್ತಿತ್ತು.

ಇಷ್ಟೂ ಸರಿಪಡಿಸಬಹುದಾದವೇ. ಮೂತ್ರದ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಬಹುದೇ, ನಿದ್ರೆಯ ಮಾತ್ರೆ ನಿಜಕ್ಕೂ ಬೇಕೇ ಎಂದು ವೈದ್ಯರನ್ನು ಕೇಳಿ. ಮಲಗುವ ಮುನ್ನ ಮತ್ತು ರಾತ್ರಿ ಗೊತ್ತಾದ ಹೊತ್ತಿಗೆ ಯಾರಾದರೂ ತಾವಾಗಿಯೇ ಬಂದು ಶೌಚಾಲಯಕ್ಕೆ ಕರೆದೊಯ್ಯಬೇಕು. ಗಂಟೆ ಕೈಗೆ ಸಿಗುವಂತಿರಲಿ. ಆದರೆ ಗಂಟೆ ಕೈಯಲ್ಲಿದ್ದರೂ ಒತ್ತದವರೇ ಬಹಳ ಮಂದಿ. "ಪಾಪ, ಅವರಿಗೇಕೆ ತೊಂದರೆ" ಎನ್ನುವ ಸಂಕೋಚ ಹಿರಿಯರದು. ಕರೆದರೆ ಯಾರೂ ಬೇಸರಿಸುವುದಿಲ್ಲವೆಂದು ನರ್ಸೇ ಬಾಯಿಬಿಟ್ಟು ಹೇಳಿದರೆ ಆ ಸಂಕೋಚ ಸ್ವಲ್ಪವಾದರೂ ಸಡಿಲಾಗುತ್ತದೆ. ಇಡೀ ವಾರ್ಡಿಗೆ ರಾತ್ರಿ ಒಬ್ಬರೇ ನರ್ಸ್ ಇದ್ದರೆಂದೂ ಬರೆದಿದ್ದೀರಿ. ಹಾಗಿದ್ದರೆ ಹೊಣೆ ಆಕೆಯದಲ್ಲ, ಆಡಳಿತದ್ದು. ದೂರು ಕೊಡುವುದಾದರೆ ಅಲ್ಲಿಗೇ ಕೊಡಿ.

ದಾಖಲಾದಾಗ ಬೀಳುವ ಅಪಾಯ ಅಳೆಯುವ ಅಂಕಪಟ್ಟಿಯೊಂದನ್ನು ತುಂಬಿ "ಅಪಾಯ ಹೆಚ್ಚು" ಎಂಬ ಚೀಟಿ ಅಂಟಿಸಿದ್ದರೆಂದಿರಿ. ಚೀಟಿ ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2013ರಲ್ಲೇ ಇಂಥ ಅಂಕಪಟ್ಟಿಗಳು ಬೇಡವೆಂದಿತು. 65 ದಾಟಿದ ಒಳರೋಗಿಗಳೆಲ್ಲರೂ ಬೀಳಬಹುದೆಂದೇ ಎಣಿಸಿ, ಒಬ್ಬೊಬ್ಬರ ಕಾರಣ ಹುಡುಕಿ ಎಂದಿತು. ಬಾಸ್ಟನ್ ಮತ್ತು ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ನರ್ಸುಗಳು ರೋಗಿ ಮತ್ತು ಮನೆಯವರೊಡನೆ ಕುಳಿತೇ ಆ ಕಾರಣಗಳನ್ನೂ ಉಪಾಯಗಳನ್ನೂ ಹಾಳೆಯಲ್ಲಿ ಗುರುತಿಸಿ ಮಂಚದ ಬಳಿ ತೂಗುಹಾಕಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬೀಳುವುದು ಶೇ. 15ರಷ್ಟು, ಬಿದ್ದು ಗಾಯವಾಗುವುದು ಶೇ. 34ರಷ್ಟು ಇಳಿಯಿತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ತಾಯಿಯನ್ನು ಮಂಚದಿಂದ ಇಳಿಸಬೇಕು, ತಡಮಾಡದೆ. ವೈದ್ಯರ ಅಡ್ಡಿಯಿಲ್ಲದಿದ್ದರೆ ಸೊಂಟದ ಶಸ್ತ್ರಚಿಕಿತ್ಸೆಯಾದ ಮರುದಿನವೇ ಫಿಸಿಯೋಥೆರಪಿಸ್ಟ್ ನೆರವಿನಿಂದ ಎದ್ದು ನಿಲ್ಲಿಸುವುದು ರೂಢಿ. ತಾಯಿಗೆ ಭಯವಿರುತ್ತದೆ, ನಿಮಗೂ ಇರುತ್ತದೆ. ಮೊದಲ ದಿನ ಪಕ್ಕದ ಕುರ್ಚಿಯವರೆಗೆ ಹೋದರೂ ಸಾಕು. ನಾಳೆ ಎಷ್ಟು ಹೊತ್ತಿಗೆ, ಯಾರು ನಡೆಸುತ್ತಾರೆಂದು ಇವತ್ತೇ ಕೇಳಿಕೊಂಡು ಬನ್ನಿ.

— ಸಂಪಾದಕ