ಎರೆಮಣ್ಣಿನ ನಿವೇಶನಕ್ಕೆ ಚದರಡಿ ಲೆಕ್ಕ ಸಾಲದು

ಧಾರವಾಡದಲ್ಲಿ 30x40 ನಿವೇಶನ, ಸಾವಿರ ಚದರಡಿಯ ಮನೆ. ಗುತ್ತಿಗೆದಾರರು ಹೇಳಿದ ಚದರಡಿ ದರವನ್ನು ಸಾವಿರದಿಂದ ಗುಣಿಸಿದರೆ ಸಾಕೇ ಎಂದು ಕೇಳಿದ್ದೀರಿ. ಖಂಡಿತ ಸಾಲದು. ನಿಮ್ಮದು ಎರೆಮಣ್ಣಿನ, ಅಂದರೆ ಕಪ್ಪು ಹತ್ತಿ ಮಣ್ಣಿನ ಜಾಗ ಎಂದಿದ್ದೀರಿ, ನನಗೆ ಚಿಂತೆ ಇರುವುದು ಅಲ್ಲೇ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕಾಗಬಹುದು. ಅಗೆದ ಜಾಗಕ್ಕೆ ಅದೇ ಮಣ್ಣನ್ನು ತುಂಬದೆ ಗರಸು ತರಿಸಬೇಕು. ಮಾಮೂಲಿ ಚದರಡಿ ದರದಲ್ಲಿ ಈ ಖರ್ಚು ಸೇರಿರುವುದು ಅಪರೂಪ. ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ. ಎಂಜಿನಿಯರ್ ಕೊಡುವ ಅಡಿಪಾಯದ ನಕ್ಷೆಯನ್ನು ಮುಂದಿಟ್ಟುಕೊಂಡು ದರ ಕೇಳಿ.

ಕಾಂಪೌಂಡ್, ಸಂಪ್, ವಿದ್ಯುತ್ ಸಂಪರ್ಕ, ನಕ್ಷೆ ಮಂಜೂರಾತಿ ಶುಲ್ಕವೂ ಸಾಮಾನ್ಯವಾಗಿ ಆ ದರದಲ್ಲಿ ಸೇರಿರುವುದಿಲ್ಲ.

ಗುತ್ತಿಗೆದಾರರು ಕೊಡುವ ಸಾಮಗ್ರಿ ಪಟ್ಟಿಯನ್ನು ತಾಳೆ ನೋಡಲು ಒಂದು ಅಂದಾಜು: ಚದರಡಿಗೆ ಸುಮಾರು 0.4 ಚೀಲ ಸಿಮೆಂಟ್, 3.5ರಿಂದ 4 ಕಿಲೋ ಕಬ್ಬಿಣ. ಅಂದರೆ ನಿಮ್ಮ ಮನೆಗೆ ಸುಮಾರು 400 ಚೀಲ ಸಿಮೆಂಟ್, ಮೂರೂವರೆಯಿಂದ ನಾಲ್ಕು ಟನ್ ಕಬ್ಬಿಣ; ಎರೆಮಣ್ಣಿನ ಅಡಿಪಾಯಕ್ಕೆ ಇನ್ನೂ ಹೆಚ್ಚು. ಪಟ್ಟಿಯಲ್ಲಿ ತೀರಾ ಕಡಿಮೆ ಕಂಡರೆ ಕಾರಣ ಕೇಳದೆ ದಯವಿಟ್ಟು ಸಹಿ ಹಾಕಬೇಡಿ. ಬಾಲ್ಕನಿಯನ್ನು ಪೂರ್ತಿ ಚದರಡಿಯಾಗಿ ಹಿಡಿಯುತ್ತಾರೋ ಅರ್ಧವೋ ಎಂಬುದನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ.